ಮುಂಗುದಿಯ ಓದು: ಮಲಪ್ರಭೆಯ ದಂಡೆಯ ಬೆಲ್ಲದ ಕೊಪ್ಪರಿಗೆ ಮತ್ತು ಬಿಸಿ ಮೇಲ್ಮೈಯ ಬಳಿ ದ್ರವದ ಚಲನೆಯನ್ನು ಅಳೆದ ಚರಿತ್ರೆ

ಕನ್ನಡದಲ್ಲಿ ಜನಪದ ವಸ್ತುಸಂಸ್ಕೃತಿಯ ಅಧ್ಯಯನ ಬೆಳೆದುಬಂದ ಬಗೆಯನ್ನು ಗಮನಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ನೇಗಿಲು, ಕೂರಿಗೆ, ಮಗ್ಗ, ಎಣ್ಣೆಯ ಗಾಣ, ಬೀಸುವ ಕಲ್ಲು ಮುಂತಾದ ಉಪಕರಣಗಳು ಸಂಗ್ರಹಾಲಯಗಳನ್ನು ಸೇರಿವೆ. ಅವುಗಳ ಬಿಡಿಭಾಗಗಳ ಹೆಸರುಗಳು ವೃತ್ತಿಪದಕೋಶಗಳಲ್ಲಿ ದಾಖಲಾಗಿವೆ. ಆದರೆ ಬೆಂಕಿಯನ್ನೂ ಕುದಿಯನ್ನೂ ಅವಲಂಬಿಸಿದ ಕಸುಬುಗಳ ತಿಳಿವಳಿಕೆಗೆ ಇಂತಹ ಸ್ಥಾನ ದೊರೆತಿಲ್ಲ. ಕಾರಣ ಸರಳವಾದುದು. ಕೊಪ್ಪರಿಗೆಯನ್ನು ತಂದು ಸಂಗ್ರಹಾಲಯದಲ್ಲಿ ಇರಿಸಬಹುದು, ಅದರೊಳಗಿನ ಕುದಿಯನ್ನು ಇರಿಸಲಾಗದು. ಗಾಣ ನಿಂತಾಗಲೂ ಗಾಣವೇ. ಕುದಿ ನಿಂತ ಮರುಕ್ಷಣ ಅದರ ವಿಷಯದಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಹೀಗೆ ತೋರಿಸಲು ಉಳಿಯದ ಒಂದು ವಿದ್ಯೆಯನ್ನು, ಅಂದರೆ ಬೆಲ್ಲ ಕಾಯಿಸುವವನು ಕೊಪ್ಪರಿಗೆಯ ತಳದ ಚಲನೆಯನ್ನು ಮೇಲಿನಿಂದ ಓದುವ ವಿದ್ಯೆಯನ್ನು, ಅದೇ ಚಲನೆಯನ್ನು ಅಳೆಯಲು ಆಧುನಿಕ ವಿಜ್ಞಾನ ಎರಡು ಶತಮಾನಗಳಿಂದ ನಡೆಸಿದ ಪ್ರಯತ್ನದ ಜೊತೆಗಿಟ್ಟು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬೆಳಗಾವಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿತ್ತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿ ಸವದತ್ತಿ ಸೀಮೆಯ ನವಿಲುತೀರ್ಥದ ಕಣಿವೆಯನ್ನು ದಾಟಿ ಇಲ್ಲಿಗೆ ಬರುತ್ತದೆ. ತೊರಗಲ್ಲಿನ ಕೋಟೆ, ಗೊಡಚಿಯ ವೀರಭದ್ರನ ಜಾತ್ರೆ, ಸುರೇಬಾನದ ಬಳಿಯ ಶಬರಿಕೊಳ್ಳ, ಪಟ್ಟಣದ ನೇಕಾರರ ಮಗ್ಗಗಳು ಈ ಸೀಮೆಗೆ ಹೆಸರು ತಂದಿವೆಯೇ ಹೊರತು ಬೆಲ್ಲವಲ್ಲ. ಇದು ಮೂಲತಃ ಜೋಳ, ಹತ್ತಿಯ ನಾಡು. ನದಿಯ ದಂಡೆಗೂ ಬಾವಿಯ ಆಸರೆಯ ತೋಟಪಟ್ಟಿಗಳಿಗೂ ಸೀಮಿತವಾಗಿದ್ದ ಕಬ್ಬು ನೀರಾವರಿ ಹೆಚ್ಚಿದಂತೆ ಹರಡಿತು. ಉತ್ತರಕ್ಕೆ ಲೋಕಾಪುರ, ಮುಧೋಳಗಳನ್ನು ದಾಟಿದರೆ ಬೆಲ್ಲದ ಪೇಟೆಯೆಂದು ಹೆಸರಾದ ಮಹಾಲಿಂಗಪುರ. ಪಶ್ಚಿಮೋತ್ತರಕ್ಕೆ ಸಂಕೇಶ್ವರ, ಅದರಾಚೆ 2014ರಲ್ಲಿ ತನ್ನ ಬೆಲ್ಲಕ್ಕೆ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರ. ಹೀಗೆ ರಾಮದುರ್ಗವು ಬೆಲ್ಲದ ನಾಡಿನ ನಡುಭಾಗವಲ್ಲ, ಅದರ ಅಂಚು. ಅಂಚಿನ ಸೀಮೆಗಳಲ್ಲಿ ಕಸುಬಿನ ಮಾತು ಒಂದೆಡೆ ಮರಾಠಿಯ ಕಡೆಗೂ ಇನ್ನೊಂದೆಡೆ ಕೃಷ್ಣಾತೀರದ ಕನ್ನಡದ ಕಡೆಗೂ ವಾಲುವುದರಿಂದ ಪದಗಳ ಅಧ್ಯಯನಕ್ಕೆ ಇಂತಹ ಸ್ಥಳ ಹೆಚ್ಚು ಉಪಯುಕ್ತ.

ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಗಾಣದೆರೆ, ಆಲೆದೆರೆ ಎಂಬ ತೆರಿಗೆಗಳ ಉಲ್ಲೇಖಗಳು ಬರುತ್ತವೆ. ಕಬ್ಬು ಅರೆಯುವ ಆಲೆ ಎಣಿಕೆಗೆ ಸಿಗುವ ವಸ್ತು. ಆದ್ದರಿಂದ ಪ್ರಭುತ್ವದ ಕಣ್ಣಿಗೆ ಅದು ಬಿದ್ದಿತು. ಹಾಲು ಬೆಲ್ಲವಾಗುವುದು ಆಲೆಯಲ್ಲಲ್ಲ, ಒಲೆಯ ಮೇಲೆ. ಆದರೆ ಒಲೆಯ ಮುಂದೆ ನಿಂತವನ ಜ್ಞಾನಕ್ಕೆ ತೆರಿಗೆ ಹಾಕಲು ಬರುವುದಿಲ್ಲವಾದುದರಿಂದ ಅದು ಶಾಸನದ ಹೊರಗೇ ಉಳಿಯಿತು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕಬ್ಬಿನ ಕೃಷಿಯನ್ನೂ ಬೆಲ್ಲದ ತಯಾರಿಕೆಯನ್ನೂ ವಿವರಿಸಿದ್ದಾನೆ. ಆತನ ಆಸಕ್ತಿ ಇದ್ದುದು ಮುಖ್ಯವಾಗಿ ಅಳತೆ, ಇಳುವರಿ ಮತ್ತು ಆದಾಯದಲ್ಲಿ. ಕುದಿಯುವ ರಸವನ್ನು ನೋಡುವವನು ಏನನ್ನು ನೋಡುತ್ತಾನೆ ಎಂಬ ಪ್ರಶ್ನೆ ಕಂದಾಯದ ಕಣ್ಣಿಗೆ ಹೊಳೆಯುವಂಥದಲ್ಲ.

ಬೆಲ್ಲದ ಗಾಣದ ಕ್ರಮ ಸ್ಥೂಲವಾಗಿ ಎಲ್ಲರಿಗೂ ತಿಳಿದುದೇ. ಅರೆದು ಸೋಸಿದ ಕಬ್ಬಿನ ಹಾಲನ್ನು ಅಗಲವಾದ, ಆಳ ಕಡಿಮೆಯ ಕೊಪ್ಪರಿಗೆಗೆ ತುಂಬುತ್ತಾರೆ. ನೆಲದಲ್ಲಿ ತೋಡಿ ಕಟ್ಟಿದ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ, ರವದಿಗಳೇ ಉರುವಲು. ಹಾಲಿನ ಐದರಲ್ಲಿ ನಾಲ್ಕು ಪಾಲು ನೀರು. ಅದನ್ನು ಆವಿಯಾಗಿಸಿ, ನೂರು ಕಿಲೋ ಕಬ್ಬಿಗೆ ಸುಮಾರು ಹತ್ತು ಹನ್ನೆರಡು ಕಿಲೋದಷ್ಟು ಬೆಲ್ಲವನ್ನು ಉಳಿಸಿಕೊಳ್ಳಬೇಕು. ಸುಣ್ಣದ ತಿಳಿ ಹಾಕಿ ಹುಳಿಯನ್ನು ಮುರಿಯುತ್ತಾರೆ. ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ಪಡೆದ ಲೋಳೆಯಿಂದ ಕಲ್ಮಶವನ್ನು ಕೂಡಿಸುತ್ತಾರೆ. ನೊರೆ ಉಕ್ಕಿ ಹೊರಚೆಲ್ಲದಂತೆ ಸ್ವಲ್ಪ ಎಣ್ಣೆ ಬಿಡುತ್ತಾರೆ. ಕೊನೆಯಲ್ಲಿ ಹದ ಬಂದಾಗ ಕೊಪ್ಪರಿಗೆಯನ್ನು ಇಳಿಸಿ, ಆರಿಸಿ, ಪೆಂಟಿ ಕಟ್ಟುತ್ತಾರೆ. ಬರವಣಿಗೆಯಲ್ಲಿ ಸಿಗುವ ವರ್ಣನೆಗಳು ಬಹುತೇಕ ಕೊನೆಯ ಹದವನ್ನೇ ಕೊಂಡಾಡುತ್ತವೆ. ತಣ್ಣೀರಿನಲ್ಲಿ ಬಿಟ್ಟ ಪಾಕ ಉಂಡೆಯಾಗುವುದು, ಆ ಉಂಡೆಯನ್ನು ಕಲ್ಲಿಗೆ ಎಸೆದರೆ ಠಣ್ ಎನ್ನುವುದು ಕಣ್ಣಿಗೂ ಕಿವಿಗೂ ರುಚಿಸುವ ಪರೀಕ್ಷೆಗಳು. ಆದರೆ ಬೆಲ್ಲದ ಬಣ್ಣವೂ ಬಾಳಿಕೆಯೂ ಬಹುಮಟ್ಟಿಗೆ ನಿರ್ಧಾರವಾಗುವುದು ಅದಕ್ಕೂ ಒಂದೆರಡು ತಾಸು ಮೊದಲು, ಹಾಲು ಇನ್ನೂ ಕುದಿಯದೆ ಇರುವಾಗ.

ಈ ಹಂತವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒಲೆಯ ಉರಿ ತಾಗುವ ಕೊಪ್ಪರಿಗೆಯ ತಳ ಕುದಿಬಿಂದುವನ್ನು ಮೀರಿ ಕಾದಿರುತ್ತದೆ. ಆದರೆ ಮೇಲಿನ ಹಾಲು ಎಪ್ಪತ್ತು ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಆಗ ತಳಕ್ಕೆ ಅಂಟಿದ ತೆಳು ಪದರದಲ್ಲಿ ಮಾತ್ರ ಆವಿಯ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಅವು ಮೇಲೇರಲು ಹೊರಟು, ತಂಪಾದ ಹಾಲನ್ನು ಮುಟ್ಟಿದೊಡನೆ ಮತ್ತೆ ದ್ರವವಾಗಿ ಕುಸಿಯುತ್ತವೆ. ಕುಸಿದ ಜಾಗಕ್ಕೆ ಸುತ್ತಲಿನ ದ್ರವ ನುಗ್ಗುತ್ತದೆ. ಸಾವಿರಾರು ಗುಳ್ಳೆಗಳ ಈ ಹುಟ್ಟು ಸಾವಿನಿಂದಲೇ ಒಲೆಯ ಮೇಲಿಟ್ಟ ನೀರು ಕುದಿಯುವ ಮೊದಲು ಗುಂಯ್ ಎನ್ನುವುದು. ಪೂರ್ಣ ಕುದಿ ಬಂದೊಡನೆ ಆ ಸದ್ದು ತಗ್ಗಿ ಬೇರೆಯಾಗುವುದು. ನುಚ್ಚಿಗೆ ಎಸರಿಟ್ಟ ಯಾವ ಹೆಣ್ಣುಮಗಳಿಗೂ ಮುಚ್ಚಳ ತೆಗೆಯದೆಯೇ ಈ ವ್ಯತ್ಯಾಸ ಗೊತ್ತು. ತಾಂತ್ರಿಕ ಗ್ರಂಥಗಳಲ್ಲಿ ಇದಕ್ಕೆ ಸಬ್‌ಕೂಲ್ಡ್ ಬಾಯ್ಲಿಂಗ್ ಎಂಬ ಹೆಸರಿದೆ. ಕುದಿ ಬರುವ ಮುನ್ನ ತಳದಲ್ಲಿ ಮಾತ್ರ ನಡೆಯುವ ಕುದಿಯಾದ್ದರಿಂದ ಇಲ್ಲಿ ಅದನ್ನು ‘ಮುಂಗುದಿ’ ಎಂದು ಕರೆಯಲಾಗಿದೆ.

ಬೆಲ್ಲ ಕಾಯಿಸುವವನಿಗೆ ಮುಂಗುದಿ ಏಕೆ ಮುಖ್ಯ? ಸುಣ್ಣ ಮತ್ತು ಲೋಳೆಯ ಸಂಗಡ ಕೂಡಿಕೊಂಡ ಮಡ್ಡಿ ಮೇಲಕ್ಕೆ ಬಂದು ಕೆನೆಯಂತೆ ಕಟ್ಟುವುದು ಈ ಹೊತ್ತಿನಲ್ಲಿಯೇ. ತಳದ ಚಲನೆ ತೀರ ಮಂದವಾದರೆ ಮಡ್ಡಿ ಮೇಲೆ ಬಾರದು. ಉರಿ ಮಿತಿಮೀರಿ ಪೂರ್ಣ ಕುದಿ ಬಂದುಬಿಟ್ಟರೆ ಕಟ್ಟಿದ ಮಡ್ಡಿ ಒಡೆದು ಹಾಲಿನಲ್ಲಿ ಕಲಸಿಹೋಗುತ್ತದೆ. ಆಮೇಲೆ ಎಷ್ಟು ತೋಡಿದರೂ ಅದು ಪೂರ್ತಿ ಬಾರದು, ಬೆಲ್ಲ ಕಪ್ಪಾಗುತ್ತದೆ, ಮಳೆಗಾಲದಲ್ಲಿ ಬೇಗ ಕರಗುತ್ತದೆ. ಆದ್ದರಿಂದ ಉರಿ ಹಾಕುವವನನ್ನು ಕುರಿತು ‘ಸಾವಕಾಶ ಹಾಕೋ ತಮ್ಮಾ’ ಎಂದು ಹಿರಿಯನು ಮತ್ತೆ ಮತ್ತೆ ಹೇಳುವ ಮಾತು ಬರಿಯ ಎಚ್ಚರಿಕೆಯಲ್ಲ. ಕಾಣದ ತಳದಲ್ಲಿ ಗುಳ್ಳೆಗಳು ಹುಟ್ಟುವ ವೇಗಕ್ಕೆ ಹಾಕುವ ಕಡಿವಾಣ. ಒಲೆಯ ಬಾಯಿಗೂ ಕೊಪ್ಪರಿಗೆಗೂ ನಡುವೆ ನಿಂತ ಈ ಇಬ್ಬರ ಮಾತುಕತೆಯೇ ಇಲ್ಲಿನ ನಿಯಂತ್ರಣ ವ್ಯವಸ್ಥೆ.

ಆತನು ನೋಡುವುದು ಮಡ್ಡಿಯ ನಡೆಯನ್ನು. ಉರಿ ಬಲವಾಗಿ ತಾಗುವ ಕಡೆ ಹಾಲು ಮೇಲೇಳುತ್ತದೆ, ಮೇಲ್ಮೈಯಲ್ಲಿ ತಂಪಾದ ಅಂಚಿನತ್ತ ಸರಿಯುತ್ತದೆ, ಅಂಚಿನಲ್ಲಿ ಕೆಳಗಿಳಿದು ತಳಕ್ಕೆ ಮರಳುತ್ತದೆ. ತೇಲುವ ನೊರೆ, ಸಿಪ್ಪೆಯ ಹುಡಿ, ಲೋಳೆಯ ಎಳೆಗಳು ಈ ಹರಿವಿನ ಸವಾರಿ ಮಾಡಿ ಅಂಚಿಗೆ ಬಂದು, ಕೆಳಗಿಳಿಯಲಾರದೆ ಅಲ್ಲಿಯೇ ನಿಲ್ಲುತ್ತವೆ. ಮಡ್ಡಿ ತೆಗೆಯುವ ಜರಡಿ ಹಿಡಿದವನು ಕೊಪ್ಪರಿಗೆಯ ಯಾವ ಮಗ್ಗುಲಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಇದೇ. ಮಡ್ಡಿ ಒಂದು ಕಡೆ ಸರಿಯುವ ಬದಲು ತುಂಡಾಗಿ ಸುತ್ತತೊಡಗಿದರೆ ಉರಿ ಹೆಚ್ಚಾಯಿತೆಂದು ಅರ್ಥ. ಒಂದು ಭಾಗದಲ್ಲಿ ಅಲುಗದೆ ನಿಂತರೆ ಆ ಭಾಗದ ತಳಕ್ಕೆ ಶಾಖ ತಾಗುತ್ತಿಲ್ಲವೆಂದು, ಅಥವಾ ಅಲ್ಲಿ ಹತ್ತಿಕೊಂಡಿದೆಯೆಂದು ಅರ್ಥ. ಮೇಲೆ ತೇಲುವುದರ ಚಲನೆಯಿಂದ ಕೆಳಗೆ ಕಾಣದುದರ ಚಲನೆಯನ್ನು ತಿಳಿಯುವ ಈ ವಿಧಾನವನ್ನು ಬೇರೆ ಮಾತಿನಲ್ಲಿ ಹೇಳುವುದಾದರೆ ಅದು ಹರಿವಿನ ಅಳತೆಯೇ. ಅದಕ್ಕೆ ಅಂಕಿಯಿಲ್ಲ ಅಷ್ಟೇ.

ಭಾಷೆಯ ಕಡೆಯಿಂದ ಒಂದು ಮಾತು. ಬಡಗಣ ಕರ್ನಾಟಕದಲ್ಲಿ ನೀರು ಕುದಿಯುವುದನ್ನು ‘ಮಳ್ಳುವುದು’ ಎನ್ನುತ್ತಾರೆ. ತೆಂಕಣದಲ್ಲಿ ಎಸರು ‘ಮರಳುತ್ತದೆ’. ಮರಳು ಎಂದರೆ ಹಿಂದಿರುಗು ಎಂಬ ಅರ್ಥವೂ ಇರುವುದರಿಂದ, ಏರಿದ ನೀರು ಮತ್ತೆ ತಳಕ್ಕೆ ಹಿಂದಿರುಗುವ ಚಕ್ರವನ್ನು ಈ ಪದವೇ ಹೇಳುತ್ತದೆ ಎಂದು ವಾದಿಸುವ ಆಸೆ ಯಾರಿಗಾದರೂ ಆಗಬಹುದು. ಆಸೆಯನ್ನು ಹಿಡಿತದಲ್ಲಿಡುವುದು ಒಳ್ಳೆಯದು. ಒಂದು ಪದಕ್ಕೆ ಎರಡು ಅರ್ಥವಿದ್ದ ಮಾತ್ರಕ್ಕೆ ಜನಪದರು ದ್ರವಚಲನಶಾಸ್ತ್ರವನ್ನು ರೂಪಿಸಿದ್ದರೆನ್ನುವುದು ಜಾನಪದಕ್ಕೂ ವಿಜ್ಞಾನಕ್ಕೂ ಮಾಡುವ ಅಪಚಾರ. ಗಮನಿಸಬೇಕಾದುದು ಬೇರೆ: ಕಾಯುವುದು, ಗುಂಯ್‌ಗುಡುವುದು, ಮಳ್ಳುವುದು, ಕುದಿಯುವುದು, ಉಕ್ಕುವುದು ಎಂದು ಹಂತಗಳನ್ನು ಬೇರ್ಪಡಿಸುವ ಕ್ರಿಯಾಪದಗಳು ಆಡುಮಾತಿನಲ್ಲಿ ಇವೆ. ಪಠ್ಯಪುಸ್ತಕದ ಕನ್ನಡವು ಇವುಗಳಲ್ಲಿ ಹೆಚ್ಚಿನವನ್ನು ಬಿಟ್ಟು ‘ಕುದಿಯುವಿಕೆ’ ಎಂಬ ಒಂದೇ ಪದವನ್ನು ಇಟ್ಟುಕೊಂಡಿತು.

ವಿಜ್ಞಾನದ ಕಡೆಯ ಚರಿತ್ರೆಯೂ ತೇಲುವ ಕಣಗಳಿಂದಲೇ ಆರಂಭವಾಗುತ್ತದೆ ಎಂಬುದು ಕುತೂಹಲಕರ. ಅಮೆರಿಕದಲ್ಲಿ ಹುಟ್ಟಿ ಬವೇರಿಯದ ಸೇವೆಯಲ್ಲಿದ್ದ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫೋರ್ಡ್, ಮದ್ಯಸಾರ ತುಂಬಿದ ದೊಡ್ಡ ಉಷ್ಣತಾಮಾಪಕವೊಂದನ್ನು ಆರಲೆಂದು ಕಿಟಕಿಯ ಬಳಿ ಇಟ್ಟಿದ್ದಾಗ, ಬಿಸಿಲು ಬಿದ್ದ ಆ ನಳಿಗೆಯೊಳಗೆ ಧೂಳಿನ ಕಣಗಳು ನಡುವೆ ಏರುತ್ತ, ಅಂಚಿನಲ್ಲಿ ಇಳಿಯುತ್ತ ಇರುವುದನ್ನು ಕಂಡ. 1797ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಆತ ಇದನ್ನು ವಿವರಿಸಿದ. ಬಳಿಕ ದ್ರವದಷ್ಟೇ ಸಾಂದ್ರತೆಯ ಕಣಗಳು ಬೇಕೆಂದು ಅಂಬರಿನ ಪುಡಿಯನ್ನು ಆರಿಸಿಕೊಂಡು, ಅದಕ್ಕೆ ಹೊಂದುವಂತೆ ಕ್ಷಾರದ ದ್ರಾವಣವನ್ನು ಸಿದ್ಧಪಡಿಸಿ ಪ್ರಯೋಗ ನಡೆಸಿದ. ಅದೇ ಬರಹದಲ್ಲಿ ಆತ ದಪ್ಪ ಅಕ್ಕಿಯ ಗಂಜಿಯೊಂದು ಮೇಲೆ ಆರಿದಂತೆ ಕಂಡು ಒಳಗೆ ಬಾಯಿ ಸುಟ್ಟ ಸಂಗತಿಯನ್ನೂ ಹೇಳುತ್ತಾನೆ: ಹರಿಯಲಾರದ ವಸ್ತು ಶಾಖವನ್ನು ತನ್ನೊಳಗೇ ಹಿಡಿದಿಡುತ್ತದೆ. ದ್ರವಗಳು ಶಾಖವನ್ನು ಸ್ವತಃ ವಹಿಸುವುದೇ ಇಲ್ಲವೆಂಬ ಆತನ ತೀರ್ಮಾನ ಮುಂದೆ ತಪ್ಪೆಂದು ತಿಳಿಯಿತು. ಆದರೆ ಕಣವನ್ನು ಹಾಕಿ ಹರಿವನ್ನು ನೋಡುವ ಉಪಾಯ ಉಳಿಯಿತು. ಗಂಜಿಯಿಂದ ಬಾಯಿ ಸುಟ್ಟುಕೊಂಡವರು ಕನ್ನಡ ನಾಡಿನಲ್ಲಿ ಅಸಂಖ್ಯರು. ಅದನ್ನು ಪ್ರಶ್ನೆಯಾಗಿ ಬರೆದಿಡುವ ವಿರಾಮವೂ ಮುದ್ರಣದ ಅನುಕೂಲವೂ ಕೌಂಟನಿಗಿದ್ದವು.

1904ರಲ್ಲಿ ಹೈಡೆಲ್‌ಬರ್ಗಿನ ಗಣಿತ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಲ್ಲೆ ಪದರದ ಕಲ್ಪನೆಯನ್ನು ಮಂಡಿಸಿದ. ಗೋಡೆಗೆ ತಾಗಿದ ದ್ರವ ನಿಂತಿರುತ್ತದೆ, ಸ್ವಲ್ಪ ದೂರದಲ್ಲಿ ಹರಿಯುತ್ತದೆ, ಇವೆರಡರ ನಡುವಿನ ತೆಳು ಪದರದಲ್ಲಿಯೇ ಮುಖ್ಯ ವ್ಯವಹಾರವೆಲ್ಲ ನಡೆಯುತ್ತದೆ ಎಂಬುದು ಅದರ ಸಾರ. ಆತನೂ ನೀರಿಗೆ ಹೊಳೆಯುವ ಖನಿಜದ ಚಕ್ಕೆಗಳನ್ನು ಹಾಕಿಯೇ ಹರಿವಿನ ಚಿತ್ರ ತೆಗೆದ. 1934ರಲ್ಲಿ ಜಪಾನಿನ ಶಿರೊ ನುಕಿಯಾಮ ನೀರಿನಲ್ಲಿ ಮುಳುಗಿಸಿದ ತಂತಿಗೆ ವಿದ್ಯುತ್ ಹರಿಸಿ, ಕಾದ ಮೇಲ್ಮೈಯಿಂದ ನೀರಿಗೆ ಶಾಖ ಹೋಗುವ ಪ್ರಮಾಣ ಒಂದು ಮಿತಿಯವರೆಗೆ ಏರಿ, ಆಮೇಲೆ ಆವಿಯ ಪೊರೆಯೇ ಅಡ್ಡಿಯಾಗುವುದನ್ನು ತೋರಿಸಿದ. ಜಪಾನಿ ಭಾಷೆಯಲ್ಲಿದ್ದ ಈ ಪ್ರಬಂಧದ ಇಂಗ್ಲಿಷ್ ಅನುವಾದ ಹೊರಬಂದದ್ದು 1966ರಲ್ಲಿ. ದೇಶಭಾಷೆಯಲ್ಲಿ ಬರೆದ ವಿಜ್ಞಾನ ಹೊರಗಿನವರನ್ನು ತಲುಪಲು ಹಿಡಿಯುವ ಕಾಲಕ್ಕೆ ಇದೊಂದು ನಿದರ್ಶನ. ಮುಂಗುದಿಯನ್ನೇ ಗುರಿಯಾಗಿಟ್ಟುಕೊಂಡು, ಹರಿಯುವ ನೀರಿನಲ್ಲಿ ಗುಳ್ಳೆಗಳು ಹುಟ್ಟಿ ಕುಸಿಯುವುದನ್ನು ಅತಿವೇಗದ ಛಾಯಾಗ್ರಹಣದಿಂದ ಹಿಡಿದವನು ಅಮೆರಿಕದ ಎಫ್.ಸಿ. ಗುಂಥರ್; ಆತನ ಪ್ರಬಂಧ 1951ರದು. ರಾಕೆಟ್ ಇಂಜಿನಿನ ಗೋಡೆಗಳನ್ನು ತಂಪಾಗಿಡುವ ಚಿಂತೆ ಈ ಕೆಲಸದ ಹಿಂದಿತ್ತು.

ಗುಳ್ಳೆಯ ಚಿತ್ರ ತೆಗೆಯುವುದು ಒಂದು, ಗುಳ್ಳೆಗಳ ನಡುವೆ ನುಸುಳುವ ದ್ರವದ ವೇಗವನ್ನು ಅಳೆಯುವುದು ಇನ್ನೊಂದು. ಎರಡನೆಯದು ಬಹುಕಾಲ ಕೈಗೆಟುಕಲಿಲ್ಲ. ಕಾದ ಗೋಡೆಯಿಂದ ಒಂದೆರಡು ಮಿಲಿಮೀಟರಿನೊಳಗೆ ಏನನ್ನು ಇಳಿಸಿದರೂ ಅದು ಗುಳ್ಳೆಗಳನ್ನು ಕದಡುತ್ತದೆ. ಕಾದ ತಂತಿ ತಂಪಾಗುವ ಪ್ರಮಾಣದಿಂದ ಹರಿವನ್ನು ತಿಳಿಯುವ ವಿಧಾನಕ್ಕೆ ಎಲ್.ವಿ. ಕಿಂಗ್ 1914ರಲ್ಲಿಯೇ ಸೂತ್ರ ಕೊಟ್ಟಿದ್ದನಾದರೂ, ತಂತಿಯನ್ನು ಗುಳ್ಳೆ ಮುಟ್ಟಿತೋ ದ್ರವ ಮುಟ್ಟಿತೋ ಎಂಬ ಗೊಂದಲ ತಪ್ಪಿದ್ದಲ್ಲ. 1964ರಲ್ಲಿ ಯೆಹ್ ಮತ್ತು ಕಮಿನ್ಸ್ ಲೇಸರ್ ಬೆಳಕಿನಿಂದ ವೇಗವನ್ನು ಅಳೆದು ತೋರಿಸಿದ ಮೇಲೆ ದಾರಿ ತೆರೆಯಿತು: ದ್ರವದಲ್ಲಿ ತೇಲುವ ಸೂಕ್ಷ್ಮ ಕಣದಿಂದ ಚದುರಿದ ಬೆಳಕಿನ ಆವರ್ತನದಲ್ಲಿ ಆಗುವ ಅತ್ಯಲ್ಪ ಬದಲಾವಣೆಯೇ ಕಣದ ವೇಗವನ್ನು ಹೇಳುತ್ತದೆ. 1990ರ ದಶಕದಲ್ಲಿ ಅರಿಜೋನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಆರ್.ಪಿ. ರಾಯ್ ಮತ್ತು ಸಂಗಡಿಗರು ಈ ವಿಧಾನದಿಂದ, ನಡುವೆ ಕಾದ ಸಲಾಕೆಯಿದ್ದ ಕೊಳವೆಯಲ್ಲಿ ಶೀತಕ ದ್ರವವನ್ನು ಹರಿಸಿ, ಮುಂಗುದಿಯ ವೇಳೆ ಗೋಡೆಯ ಬಳಿಯ ದ್ರವದ ವೇಗವನ್ನು ಅಳೆದರು. ಗುಳ್ಳೆಗಳಿಲ್ಲದ ಹರಿವಿಗೆ ಬರೆದ ನಿಯಮ ಗೋಡೆಯ ಹತ್ತಿರ ಹಾಗೆಯೇ ಅನ್ವಯಿಸುವುದಿಲ್ಲವೆಂಬುದು ಅದರಿಂದ ತಿಳಿಯಿತು. ಈ ಶತಮಾನದಲ್ಲಿ ಟೆಕ್ಸಾಸಿನ ಸಂಶೋಧಕರು ಕಣಗಳ ಸಾಲುಚಿತ್ರಗಳನ್ನು ತೆಗೆದು, ಒಂದೊಂದು ಕಣದ ಜಾಡನ್ನು ಹಿಡಿದು ಅಳೆದರು. 2010ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು.

ಇಷ್ಟಾದರೂ ತೊಡಕು ತೀರಿಲ್ಲ. ಗುಳ್ಳೆಗಳು ಕನ್ನಡಿಯಂತೆ ಬೆಳಕನ್ನು ಎಸೆಯುವುದರಿಂದ ಕಣದ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಇದಕ್ಕಾಗಿ ಬೇರೆ ಬಣ್ಣದಲ್ಲಿ ಹೊಳೆಯುವ ಕಣಗಳನ್ನು ಬಳಸುವುದುಂಟು. ಗೋಡೆಯ ಬಳಿ ದ್ರವದ ಉಷ್ಣತೆ ತೀವ್ರವಾಗಿ ಬದಲಾಗುವುದರಿಂದ ಬೆಳಕೇ ಬಾಗುತ್ತದೆ, ಬೇಸಗೆಯ ಮಧ್ಯಾಹ್ನ ಎರಿ ಹೊಲದ ಮೇಲೆ ದೂರದ ಗಿಡಗಳು ಅಲುಗಿದಂತೆ ಕಾಣುವ ಹಾಗೆ. ಕಣ ಇದ್ದ ಜಾಗ ಒಂದು, ಕಂಡ ಜಾಗ ಇನ್ನೊಂದು. ಇಷ್ಟೊಂದು ಶ್ರಮ ಏಕೆಂದರೆ, ಮುಂಗುದಿಯು ಶಾಖವನ್ನು ಸಾಗಿಸುವ ಅತ್ಯಂತ ಸಮರ್ಥ ರೀತಿಗಳಲ್ಲೊಂದು. ಅದರ ಮೇರೆ ಮೀರಿದರೆ ಆವಿಯ ಪೊರೆ ಕಟ್ಟಿ ಲೋಹವೇ ಸುಟ್ಟುಹೋಗುತ್ತದೆ. ಕಾಳಿ ನದಿಯ ದಂಡೆಯ ಕೈಗಾದಂತಹ ಅಣುವಿದ್ಯುತ್ ಸ್ಥಾವರಗಳ ಇಂಧನ ಸಲಾಕೆಗಳ ಸುರಕ್ಷತೆಯ ಲೆಕ್ಕದಲ್ಲಿ ಈ ಮೇರೆ ಎಲ್ಲಿದೆಯೆಂಬ ಪ್ರಶ್ನೆಗೆ ಮಹತ್ವವಿದೆ.

ಕೊಪ್ಪರಿಗೆಗೂ ಲೇಸರಿಗೂ ನಡುವೆ ಸಕ್ಕರೆ ಕಾರ್ಖಾನೆ ಇದೆ. ತೆರೆದ ಕೊಪ್ಪರಿಗೆಯ ಸಾಲಿನಿಂದ ಸಕ್ಕರೆ ಮಾಡುತ್ತಿದ್ದ ಕೆರಿಬಿಯನ್ ದ್ವೀಪಗಳಲ್ಲಿಯೂ ಅಮೆರಿಕದ ಲೂಸಿಯಾನದಲ್ಲಿಯೂ ಕುದಿಯುವ ರಸವನ್ನು ಒಂದರಿಂದ ಇನ್ನೊಂದಕ್ಕೆ ಉದ್ದನೆಯ ಸೌಟಿನಿಂದ ತೋಡಿ ಸುರಿಯುತ್ತಿದ್ದವರು ಗುಲಾಮರು. ಸುಟ್ಟ ಮೈ ಆ ಕೆಲಸದ ಅಂಗವೇ ಆಗಿತ್ತು. 1813ರ ವೇಳೆಗೆ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ ಒತ್ತಡ ತಗ್ಗಿಸಿದ ಮುಚ್ಚಿದ ಪಾತ್ರೆಯಲ್ಲಿ ಕಡಿಮೆ ಶಾಖಕ್ಕೆ ಕುದಿಸುವ ನಿರ್ವಾತ ಪಾತ್ರೆಯನ್ನು ರೂಪಿಸಿದ. ಲೂಸಿಯಾನದ ನ್ಯೂ ಆರ್ಲಿಯನ್ಸಿನಲ್ಲಿ 1806ರಲ್ಲಿ ಹುಟ್ಟಿದ ಆಫ್ರಿಕನ್ ಮೂಲದ ಸ್ವತಂತ್ರ ನಾಗರಿಕ ನಾರ್ಬರ್ಟ್ ರಿಲ್ಯು, ಒಂದು ಪಾತ್ರೆಯ ಆವಿಯಿಂದಲೇ ಮುಂದಿನದನ್ನು ಕಾಯಿಸುವ ವ್ಯವಸ್ಥೆಗೆ 1843ರಲ್ಲಿ ಹಕ್ಕುಪತ್ರ ಪಡೆದ. ಈ ತಂತ್ರಜ್ಞಾನವೇ 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಗೂ, ಬೆಳಗಾವಿ ಸೀಮೆಯಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರದ ಕಾರ್ಖಾನೆಗೂ, ಮುಂದೆ ಎಂ.ಕೆ. ಹುಬ್ಬಳ್ಳಿ, ರಾಮದುರ್ಗ ತಾಲೂಕಿನ ಖಾನಪೇಟೆ ಮೊದಲಾದೆಡೆಯ ಸಹಕಾರಿ ಕಾರ್ಖಾನೆಗಳಿಗೂ ಬಂದಿತು.

ಕಾರ್ಖಾನೆಯ ಪಾತ್ರೆಯಲ್ಲಿ ಮುಂಗುದಿಗೆ ಇನ್ನೊಂದು ಕಾರಣವಿದೆ. ಅಲ್ಲಿ ದ್ರವದ ಆಳ ಹೆಚ್ಚು. ಮೇಲ್ಮೈಯಲ್ಲಿ ಕುದಿಯುತ್ತಿದ್ದರೂ ಮೇಲಿನ ದ್ರವದ ಭಾರದಿಂದ ತಳದಲ್ಲಿ ಕುದಿಬಿಂದು ಏರಿರುತ್ತದೆ. ತೆರೆದ ಪಾತ್ರೆಯ ನೀರಿನಲ್ಲಿ ಒಂದು ಮೀಟರು ಆಳಕ್ಕೆ ಈ ಏರಿಕೆ ಮೂರು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಆದರೆ ನಿರ್ವಾತದಲ್ಲಿ ಅದು ಹತ್ತು ಡಿಗ್ರಿಯ ಆಸುಪಾಸಿಗೆ ಹೋಗಬಹುದು. ಕಾದ ಕೊಳವೆಗಳೊಳಗೆ ರಸ ಏರುವುದು, ನಡುವಿನ ದೊಡ್ಡ ಕೊಳವೆಯಲ್ಲಿ ಇಳಿಯುವುದು, ಈ ಸುತ್ತು ಮಂದವಾದರೆ ಹರಳು ಸಮನಾಗಿ ಬೆಳೆಯದಿರುವುದು, ಇವು ಸಕ್ಕರೆ ತಂತ್ರಜ್ಞರ ನಿತ್ಯದ ಚಿಂತೆಗಳು. ಅಲ್ಲಿ ಪಾತ್ರೆಯನ್ನು ನೋಡಿಕೊಳ್ಳುವವನು ಪ್ಯಾನ್‌ಮನ್. ಗಾಜಿನ ಕಿಂಡಿಯಲ್ಲಿ ರಸದ ಸುತ್ತನ್ನು ನೋಡಿ, ಮಾದರಿ ತೆಗೆದು ಗಾಜಿನ ತುಂಡಿನ ಮೇಲೆ ಹರಡಿ, ಬೆರಳಲ್ಲಿ ಉಜ್ಜಿ ಹರಳನ್ನು ಪರೀಕ್ಷಿಸುವ ಆತನ ಕೆಲಸಕ್ಕೂ ಗಾಣದ ಮನೆಯ ಹಿರಿಯನ ಕೆಲಸಕ್ಕೂ ಇರುವ ಹೋಲಿಕೆ ಎದ್ದು ಕಾಣುವಂಥದು. ಆದರೆ ಪ್ಯಾನ್‌ಮನ್‌ಗೆ ಹುದ್ದೆಯಿದೆ, ವೇತನಶ್ರೇಣಿಯಿದೆ, ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಂತಹ ಕಡೆ ತರಬೇತಿಯ ಅವಕಾಶವಿದೆ. ಗಾಣದ ಮನೆಯವನಿಗೆ ಇರುವುದು ಹಂಗಾಮಿನ ಕೂಲಿ. ಎರಡೂ ಒಂದೇ ಬಗೆಯ ತಿಳಿವಳಿಕೆ ಎಂದು ಒಪ್ಪುವುದಾದರೆ ಈ ಅಂತರಕ್ಕೆ ವಿವರಣೆ ಬೇಕಾಗುತ್ತದೆ.

ದೇಸಿ ಜ್ಞಾನವನ್ನು ಕುರಿತ ನಮ್ಮ ಬರವಣಿಗೆಯಲ್ಲಿ ಎರಡು ಅತಿಗಳಿವೆ. ಒಂದು, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂಬ ಹೆಮ್ಮೆ. ಇನ್ನೊಂದು, ಅದು ಬರಿಯ ರೂಢಿ, ತಿಳಿವಳಿಕೆಯಲ್ಲ ಎಂಬ ತಾತ್ಸಾರ. ಮಡ್ಡಿಯ ನಡೆಯನ್ನು ಓದುವವನಿಗೆ ಗೋಡೆಯಿಂದ ಒಂದು ಮಿಲಿಮೀಟರಿನಲ್ಲಿ ದ್ರವ ಎಷ್ಟು ವೇಗದಲ್ಲಿ ಸಾಗುತ್ತದೆಂದು ಗೊತ್ತಿಲ್ಲ. ಅದು ಅವನ ಪ್ರಶ್ನೆಯೂ ಅಲ್ಲ. ಲೇಸರಿನವನಿಗೆ ಮಡ್ಡಿ ಯಾವಾಗ ಒಡೆಯುತ್ತದೆಂದು ಗೊತ್ತಿಲ್ಲ. ಆತ ಪ್ರಯೋಗಕ್ಕೆ ಆರಿಸುವುದೇ ಮಡ್ಡಿಯಿಲ್ಲದ ಶುದ್ಧ ದ್ರವವನ್ನು. ಅಳತೆಯ ಶಕ್ತಿಯಿರುವುದು ಅದು ಒಬ್ಬನಿಂದ ಇನ್ನೊಬ್ಬನಿಗೆ ಕಾಗದದ ಮೇಲೆ ಸಾಗಬಲ್ಲದೆಂಬುದರಲ್ಲಿ. ಹಿರಿಯನ ತಿಳಿವಳಿಕೆ ಸಾಗಬೇಕಾದರೆ ಕಿರಿಯನೊಬ್ಬ ನಾಲ್ಕಾರು ಹಂಗಾಮು ಒಲೆಯ ಬಾಯಲ್ಲಿ ಕೂಡ್ರಬೇಕು. ಹಾಗೆ ಕೂಡ್ರುವ ಕಿರಿಯರು ಕಡಿಮೆಯಾಗುತ್ತಿದ್ದಾರೆ ಎಂಬುದೇ ಇಲ್ಲಿನ ತುರ್ತು.

ಕಡಿಮೆಯಾಗಲು ಕಾರಣಗಳೂ ಇವೆ, ಅವುಗಳನ್ನು ದೂಷಿಸಿ ಫಲವಿಲ್ಲ. ಕಬ್ಬು ಕಾರ್ಖಾನೆಗೆ ಹೋದರೆ ರೈತನಿಗೆ ಗಾಣದ ಗೋಜಿಲ್ಲ. ಗಾಣದ ಕೆಲಸ ರಾತ್ರಿ ಹಗಲೆನ್ನದ್ದು, ಹೊಗೆಯದು, ಅಪಾಯದ್ದು. ನೀರಿನ ಸುಡುವಿಕೆಗಿಂತ ಪಾಕದ ಸುಡುವಿಕೆ ಕ್ರೂರವಾದುದು. ಅದು ಹೆಚ್ಚು ಕಾದಿರುತ್ತದೆ, ಮೈಗೆ ಅಂಟಿಕೊಳ್ಳುತ್ತದೆ, ಹರಿದು ಹೋಗುವುದಿಲ್ಲ. ರಮ್‌ಫೋರ್ಡನ ಗಂಜಿಯ ಮಾತು ಇಲ್ಲಿ ವಿನೋದವಾಗಿ ಉಳಿಯುವುದಿಲ್ಲ. ಜೊತೆಗೆ, ಮುಂಗುದಿಯ ತಾಳ್ಮೆಗೆ ಬದಲಾಗಿ ರಾಸಾಯನಿಕವೊಂದು ಬಂದಿದೆ. ‘ಹೈಡ್ರೋಸ್’ ಎಂದು ಗಾಣಗಳಲ್ಲಿ ಕರೆಯುವ ಸೋಡಿಯಂ ಹೈಡ್ರೋಸಲ್ಫೈಟನ್ನು ಹಾಕಿದರೆ ಮಡ್ಡಿ ಸರಿಯಾಗಿ ತೆಗೆಯದ ಬೆಲ್ಲವೂ ಹಳದಿಯಾಗಿ ಹೊಳೆಯುತ್ತದೆ. ಪೇಟೆ ಬಣ್ಣಕ್ಕೆ ಬೆಲೆ ಕಟ್ಟುತ್ತದೆ. ನಿಧಾನವಾಗಿ ಕಾಯಿಸಿ ಮಡ್ಡಿ ತೆಗೆದವನ ಬೆಲ್ಲವೂ ಹೈಡ್ರೋಸಿನ ಬೆಲ್ಲವೂ ಒಂದೇ ದರಕ್ಕೆ, ಕೆಲವೊಮ್ಮೆ ಎರಡನೆಯದೇ ಹೆಚ್ಚಿಗೆ ಹೋದರೆ, ತಳದ ಚಲನೆಯನ್ನು ಓದುವ ವಿದ್ಯೆಗೆ ಕಾಸಿನ ಬೆಲೆಯೂ ಉಳಿಯುವುದಿಲ್ಲ. ಒಂದು ಜನಪದ ವಿದ್ಯೆ ನಾಶವಾಗಲು ಅದನ್ನು ಯಾರೂ ನಿಷೇಧಿಸಬೇಕಿಲ್ಲ.

ಕ್ಷೇತ್ರಕಾರ್ಯದ ವಿಧಾನವೂ ಈ ದಿಸೆಯಲ್ಲಿ ಬದಲಾಗಬೇಕಾಗಿದೆ. ಗಾಣದ ಹಾಡುಗಳನ್ನೂ ಆಲೆಯ ಪೂಜೆಯನ್ನೂ ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಕೊಪ್ಪರಿಗೆಯ ಬಳಿಯ ಮಾತನ್ನು ಕಾಲದ ಅನುಕ್ರಮದಲ್ಲಿ ಧ್ವನಿಮುದ್ರಿಸಿ, ಅದರ ಪಕ್ಕದಲ್ಲಿಯೇ ಹಾಲಿನ ಉಷ್ಣತೆಯನ್ನು ಮೇಲೆ, ನಡುವೆ, ತಳದಲ್ಲಿ ದಾಖಲಿಸುವುದು ಕಷ್ಟವಲ್ಲ. ಉರಿ ತಗ್ಗಿಸು ಎಂದ ಹೊತ್ತಿನಲ್ಲಿ ತಳಕ್ಕೂ ಮೇಲ್ಮೈಗೂ ಎಷ್ಟು ಅಂತರವಿತ್ತು, ಜರಡಿಯವನು ಜಾಗ ಬದಲಿಸಿದಾಗ ಮಡ್ಡಿ ಯಾವ ಕಡೆ ಸರಿಯುತ್ತಿತ್ತು ಎಂಬ ವಿವರಗಳು ಮಾತು ಮತ್ತು ಅಂಕಿ ಎರಡರಲ್ಲೂ ಸಿಕ್ಕರೆ ಮಾತ್ರ ಈ ವಿದ್ಯೆ ದಾಖಲಾದಂತೆ. ರಾಮದುರ್ಗ ಸಮುದ್ರಮಟ್ಟದಿಂದ ಐದುನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ನೂರು ಡಿಗ್ರಿಗಿಂತ ಒಂದೆರಡು ಡಿಗ್ರಿ ಮೊದಲೇ ಕುದಿಯುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉಷ್ಣತಾಮಾಪಕ ಬಂದರೆ ಹಿರಿಯನ ಅಗತ್ಯವಿಲ್ಲವೆಂದು ಭಾವಿಸುವವರಿದ್ದಾರೆ. ಕಾಕಂಬಿಗೆ ಸುಮಾರು 105, ಗಟ್ಟಿ ಬೆಲ್ಲಕ್ಕೆ 116ರಿಂದ 118, ಪುಡಿ ಬೆಲ್ಲಕ್ಕೆ 120 ಡಿಗ್ರಿಯ ಆಸುಪಾಸು ಎಂದು ಕೈಪಿಡಿಗಳು ಹೇಳುತ್ತವೆ; ಅವು ತಪ್ಪಲ್ಲ. ಆದರೆ ಆ ಅಂಕಿಗಳು ಒಂದು ಬಗೆಯ ಕಬ್ಬನ್ನು ಮನಸ್ಸಿನಲ್ಲಿಟ್ಟುಕೊಂಡವು. ಬೆಲ್ಲಕ್ಕೆ ಹೆಸರಾದ ಸಿಒಸಿ 671 ತಳಿಯ ಹಾಲಿಗೂ, 2000ದ ನಂತರ ಎಲ್ಲೆಡೆ ಹರಡಿದ ಸಿಒ 86032 ತಳಿಯ ಹಾಲಿಗೂ ಹದ ಒಂದೇ ಆಗಿರುವುದಿಲ್ಲ. ಕಡಿದು ಎರಡು ದಿನ ಬಿದ್ದ ಕಬ್ಬಿನಲ್ಲಿ ಸಕ್ಕರೆ ಒಡೆದಿರುತ್ತದೆ, ಪಾಕ ಗಟ್ಟಿಯಾಗಲು ಒಪ್ಪುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹೊಲಗಳ ಮೇಲೆ ಹರಿದಾಗ ಆದಂತೆ ನೆರೆಯಲ್ಲಿ ನಿಂತ ಕಬ್ಬಿನ ಹಾಲು ಮಡ್ಡಿ ಕಟ್ಟುವ ರೀತಿಯೂ ಬೇರೆ. ಆದ್ದರಿಂದಲೇ ಒಲೆಗೆ ಬೆಂಕಿ ಹಚ್ಚುವ ಮೊದಲು ಬೆಲ್ಲ ಕಾಯಿಸುವವನು ಕಬ್ಬು ತಂದವನನ್ನು ಕೇಳುವುದು ಮೂರು ಸಂಗತಿಗಳನ್ನು: ಯಾವ ಹೊಲದ್ದು, ಯಾವ ತಳಿ, ಕಡಿದು ಎಷ್ಟು ಹೊತ್ತಾಯಿತು. ಉತ್ತರ ಕೇಳಿದ ಮೇಲೆ ಆತ ಸುಣ್ಣದ ತಿಳಿಯ ಅಳತೆಯನ್ನೂ, ಮುಂಗುದಿಯಲ್ಲಿ ಹಾಲನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನೂ ಉರಿ ಹಾಕುವವನಿಗೆ ಹೇಳುತ್ತಾನೆ.